ಕೆಂಪುಕಲ್ಲು ತೆಗೆದ ಹೊಂಡದಲ್ಲಿ ನಮ್ಮ ಊರಿನ ಗಿಡಗಳನ್ನೇ ಬೆಳೆಸುವುದು ಹೇಗೆ?

ಪದವಿನ ಮನೆ (ಮೇ 11)

ಎಲ್ಲರಿಗೂ ನಮಸ್ಕಾರ. ನಾನು ಕಾರ್ಕಳ ತಾಲೂಕಿನವಳು, ಪ್ರಾಥಮಿಕ ಶಾಲೆಯಲ್ಲಿ ಟೀಚರ್. ನಮ್ಮ ಮನೆಯ ಹಿಂದೆ ಒಂದು ಎಕರೆ ಇಪ್ಪತ್ತು ಸೆಂಟ್ಸ್ ಜಾಗ ಉಂಟು. ನಾನು ಚಿಕ್ಕವಳಿದ್ದಾಗ ಅದು ಪದವು, ಅಂದರೆ ಕಲ್ಲುಹಾಸಿನ ಮೇಲಿನ ಹುಲ್ಲುಗಾವಲು. ಮಳೆಗಾಲದಲ್ಲಿ ಪೂರ್ತಿ ಹಸಿರು, ದೀಪಾವಳಿ ಕಳೆದ ಮೇಲೆ ಸೊಂಟದೆತ್ತರದ ಮುಳಿಹುಲ್ಲು. ಅಜ್ಜಿ ಅದನ್ನೇ ಕೊಯ್ದು ಹಟ್ಟಿಯ ಮಾಡಿಗೆ ಹೊದೆಸುತ್ತಿದ್ದರು. ಅಂಚಿನಲ್ಲಿ ಕುಂಟುನೇರಳೆ, ಕೇಪಳ, ಕರಂಡೆ ಪೊದೆಗಳು. ಬೇಸಿಗೆ ರಜೆಯಲ್ಲಿ ನಮ್ಮ ನಾಲಿಗೆ ಯಾವಾಗಲೂ ನೀಲಿ.

2009ರಲ್ಲಿ ಅಪ್ಪನ ಆಪರೇಷನ್‌ಗೆ ದುಡ್ಡು ಬೇಕಾಯಿತು. ಕಲ್ಲು ತೆಗೆಯಲು ಜಾಗ ಕೊಟ್ಟೆವು. ಆರು ವರ್ಷ ಕಡಿದರು. ಕೊನೆಗೆ ಹೊಂಡ ಸಮ ಮಾಡಿ ಕೊಡುತ್ತೇವೆ ಅಂದಿದ್ದರು. ಒಂದು ದಿನ ಬೆಳಿಗ್ಗೆ ನೋಡಿದರೆ ಮೆಷಿನ್ ಇಲ್ಲ, ಜನ ಇಲ್ಲ. ಫೋನ್ ಎತ್ತಲಿಲ್ಲ.

ಈಗ ಜಾಗ ಹೀಗಿದೆ. ಮೂರು ಕಡೆ ಗೋಡೆಯ ಹಾಗೆ ಕಡಿದ ಕಲ್ಲು, ಎತ್ತರ ಹನ್ನೆರಡು ಅಡಿ ಇರಬಹುದು. ತಳ ಹೆಚ್ಚುಕಡಿಮೆ ಸಪಾಟು. ಬ್ಲೇಡ್ ಎಳೆದ ಗೆರೆಗಳು ಇನ್ನೂ ಕಾಣುತ್ತವೆ. ಪೂರ್ವದ ಮೂಲೆಯಲ್ಲಿ ಕಲ್ಲು ಮುಗಿದು ಬಿಳಿ, ಗುಲಾಬಿ ಬಣ್ಣದ ಶೇಡಿ ಮಣ್ಣು ಬಂದಿದೆ. ಪಶ್ಚಿಮಕ್ಕೆ ಮೇಲ್ಮಣ್ಣು, ಕಲ್ಲಿನ ಚೂರು ಎಲ್ಲ ಸೇರಿಸಿ ರಾಶಿ ಹಾಕಿ ಹೋಗಿದ್ದಾರೆ. ಅದರ ಮೇಲೆ ಅಕೇಶಿಯಾ ಮತ್ತು ಕಮ್ಯುನಿಸ್ಟ್ ಗಿಡ ಅನ್ನುವ ಕಳೆ ತಾವಾಗಿಯೇ ಹುಟ್ಟಿವೆ. ಮಳೆಗಾಲದಲ್ಲಿ ತಗ್ಗಿನ ಕಡೆ ಆಳಕ್ಕೆ ನೀರು ನಿಲ್ಲುತ್ತದೆ.

ಹೋದ ವರ್ಷ ಜೂನ್‌ನಲ್ಲಿ ಶಾಲೆಯ ಮಕ್ಕಳನ್ನು ಕರೆದುಕೊಂಡು ಬಂದು 200 ಸಸಿ ನೆಟ್ಟೆವು. ನರ್ಸರಿಯಲ್ಲಿ ಸಿಕ್ಕಿದ್ದು ಮಹಾಗನಿ, ಹೊಳೆದಾಸವಾಳ, ಹೊಂಗೆ, ಬಾದಾಮಿ, ಸ್ವಲ್ಪ ನೇರಳೆ. ಒಬ್ಬೊಬ್ಬ ಮಗುವಿಗೂ ಒಂದೊಂದು ಗಿಡ. ಹೆಸರು ಬರೆದ ಚೀಟಿ ಕಟ್ಟಿದ್ದೆವು. ನಿನ್ನೆ ಎಣಿಸಿದೆ. ಬದುಕಿರುವುದು 31. ಅಷ್ಟೂ ಆ ಮಣ್ಣಿನ ರಾಶಿಯ ಮೇಲಿನವು. ಕಲ್ಲಿನ ತಳದಲ್ಲಿ ನೆಟ್ಟದ್ದು ಒಂದೂ ಉಳಿದಿಲ್ಲ. ಮೂರನೇ ಕ್ಲಾಸಿನ ಒಬ್ಬಳು ತನ್ನ ಗಿಡ ಎಷ್ಟು ದೊಡ್ಡದಾಯಿತು ಟೀಚರ್ ಅಂತ ಪ್ರತಿ ವಾರ ಕೇಳುತ್ತಾಳೆ. ಅವಳದ್ದು ತಳದಲ್ಲಿತ್ತು.

ನನಗೆ ತೋಟ ಬೇಡ, ಆದಾಯವೂ ಬೇಡ. ಅಜ್ಜಿಯ ಕಾಲದ ಗಿಡಗಳು ವಾಪಸ್ ಬರಬೇಕು. ಎಲ್ಲಿಂದ ಶುರು ಮಾಡಲಿ? ಟಿಪ್ಪರ್‌ನಲ್ಲಿ ಮಣ್ಣು ತರಿಸಿ ಹೊಂಡ ತುಂಬಿಸಬೇಕಾ? ಅಕೇಶಿಯಾ ಕಡಿಸಬೇಕಾ? ಇಂಥ ಜಾಗದಲ್ಲಿ ಕೆಲಸ ಮಾಡಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ಮಳೆ ಬರುವ ಮೊದಲು ನಿರ್ಧಾರ ಮಾಡಬೇಕು.

ಬಾಲ್ಕನಿ ತೋಟ (ಮೇ 11)

ಮೇಡಂ, ಮಿಯಾವಾಕಿ ಪದ್ಧತಿ ನೋಡಿ. ಜಪಾನಿನ ಅಕಿರ ಮಿಯಾವಾಕಿ ಅವರದ್ದು. ಮೂರು ಅಡಿ ಮಣ್ಣು ಅಗೆದು ಗೊಬ್ಬರ, ತೆಂಗಿನ ನಾರಿನ ಪುಡಿ, ಹೊಟ್ಟು ಬೆರೆಸಿ, ಒಂದು ಚದರ ಮೀಟರ್‌ಗೆ ಮೂರರಿಂದ ಐದು ಸ್ಥಳೀಯ ಸಸಿ ಒತ್ತೊತ್ತಾಗಿ ನೆಡುತ್ತಾರೆ. ಬೆಂಗಳೂರಿನಲ್ಲಿ ನಮ್ಮ ಲೇಔಟ್‌ನ ಮೂಲೆ ಸೈಟ್‌ನಲ್ಲಿ ಮಾಡಿದೆವು. ಮೂರೇ ವರ್ಷಕ್ಕೆ ಒಳಗೆ ಕಾಲಿಡಲು ಆಗದಷ್ಟು ದಟ್ಟ ಆಗಿದೆ. ನಿಮ್ಮಲ್ಲಿ ಮಳೆ ಬೇರೆ ಜಾಸ್ತಿ, ಇನ್ನೂ ಬೇಗ ಬರಬಹುದು.

ಚಿರೆಕಲ್ಲು (ಮೇ 12)

ಅಕ್ಕೋರೇ, ನೀವು ಬರೆದದ್ದು ಓದಿ ನನ್ನದೇ ಜಾಗ ಕಣ್ಣ ಮುಂದೆ ಬಂತು. ನಮ್ಮದು ಹೊನ್ನಾವರದ ಕಡೆ. ನಿಮ್ಮ ಕೆಂಪುಕಲ್ಲು, ಅಂದರೆ ಮುರಕಲ್ಲು, ನಮಗೆ ಚಿರೆಕಲ್ಲು. ಮೂವತ್ತು ಗುಂಟೆ ಹೊಂಡ. 2012ರಿಂದ ಅದರ ಬೆನ್ನು ಹತ್ತಿದ್ದೇನೆ. ಮೊದಲ ಎರಡು ವರ್ಷ ನಾನೂ ನಿಮ್ಮ ಹಾಗೆಯೇ ನೆಟ್ಟು ಕಳೆದುಕೊಂಡೆ. ಹಾಗಾಗಿ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಮೊದಲು ಸಸಿ ಯಾಕೆ ಸತ್ತವು ಅಂತ ನೋಡೋಣ. ಚಿರೆಕಲ್ಲಿನ ತಳದಲ್ಲಿ ಗುಂಡಿ ತೋಡಿದರೆ ಅದೊಂದು ಕಲ್ಲಿನ ಮರಿಗೆ, ಅಂದರೆ ತೊಟ್ಟಿ, ಆಗುತ್ತದೆ. ಜೂನ್‌ನಲ್ಲಿ ನೀರು ತುಂಬುತ್ತದೆ, ಇಳಿಯಲು ದಾರಿ ಇಲ್ಲ. ಬೇರಿಗೆ ಗಾಳಿ ಸಿಗದೆ ಕೊಳೆಯುತ್ತದೆ. ಮೇಲೆ ಎಲೆ ಹಸಿರಾಗಿಯೇ ಇರುತ್ತದೆ, ನಮಗೆ ಗೊತ್ತಾಗುವುದಿಲ್ಲ. ಮಳೆ ನಿಂತು ನವೆಂಬರ್ ಬಿಸಿಲು ಬಿದ್ದಾಗ ಅದೇ ಮರಿಗೆ ಕಾಯುತ್ತದೆ. ನೀರು ಹೀರಲು ಬೇರೇ ಉಳಿದಿರುವುದಿಲ್ಲ. ಮಕ್ಕಳು ಸರಿಯಾಗಿಯೇ ನೆಟ್ಟಿದ್ದಾರೆ, ಅವರ ತಪ್ಪು ಏನೂ ಇಲ್ಲ. ದಯವಿಟ್ಟು ಆ ಮೂರನೇ ಕ್ಲಾಸಿನ ಹುಡುಗಿಗೆ ಇದನ್ನು ಹೇಳಿ.

ಈ ಕಲ್ಲಿನ ಗುಣ ನಿಮಗೂ ಗೊತ್ತು. ನೆಲದೊಳಗೆ ಇರುವಾಗ ಕೊಡಲಿಗೆ ಬಗ್ಗುವಷ್ಟು ಮೆತ್ತಗೆ. ಗಾಳಿ, ಬಿಸಿಲು ತಾಗಿದ ಹಾಗೆ ಗಟ್ಟಿ. 1800ರ ಹೊತ್ತಿಗೆ ಈ ಕಡೆ ಸುತ್ತಾಡಿದ ಫ್ರಾನ್ಸಿಸ್ ಬುಕಾನನ್ ಮಲಬಾರಿನಲ್ಲಿ ಜನ ಇದನ್ನು ಕಡಿದು ಮನೆ ಕಟ್ಟುವುದು ನೋಡಿಯೇ ಲ್ಯಾಟರೈಟ್ ಅಂತ ಹೆಸರು ಕೊಟ್ಟ. ಲ್ಯಾಟಿನ್‌ನಲ್ಲಿ ಲ್ಯಾಟರ್ ಅಂದರೆ ಇಟ್ಟಿಗೆ. ನಿಮ್ಮ ಹೊಂಡದ ತಳ ಇಷ್ಟು ವರ್ಷ ಬಿಸಿಲಿಗೆ ಬಿದ್ದಿದೆ. ಅಲ್ಲಿ ಮರ ಬೆಳೆಸುವ ಆಸೆ ಬಿಟ್ಟುಬಿಡಿ ಅಂತ ನೇರವಾಗಿಯೇ ಹೇಳುತ್ತೇನೆ. ಮಿಯಾವಾಕಿ ಅಂದವರು ಒಳ್ಳೆ ಮನಸ್ಸಿನಿಂದ ಹೇಳಿದ್ದಾರೆ. ಆದರೆ ಅದಕ್ಕೆ ಅಗೆಯಲು ಮಣ್ಣು ಬೇಕು, ಎಕರೆಗೆ ಹನ್ನೆರಡು ಸಾವಿರಕ್ಕೂ ಹೆಚ್ಚು ಸಸಿ ಬೇಕು. ಇಲ್ಲಿ ಎರಡೂ ಆಗುವ ಮಾತಲ್ಲ.

ಟಿಪ್ಪರ್ ಮಣ್ಣನ್ನಂತೂ ತರಿಸಬೇಡಿ. ಆ ಮಣ್ಣು ಬರುವುದು ಇನ್ನೊಂದು ಗುಡ್ಡ ಕಡಿದು. ಜೊತೆಗೆ ಎಲ್ಲೆಲ್ಲಿಯ ಕಳೆ ಬೀಜವೂ ಬರುತ್ತದೆ. ನಿಮ್ಮ ಪದವಿನ ಹಳೆಯ ಮೇಲ್ಮಣ್ಣು ಆ ಪಶ್ಚಿಮದ ರಾಶಿಯಲ್ಲೇ ಇದೆಯಲ್ಲ, ಅದೇ ನಿಮ್ಮ ಆಸ್ತಿ. ಮರ, ಪೊದೆ ಏನಿದ್ದರೂ ಅಲ್ಲಿ.

ಈ ಮಳೆಗಾಲ ನರ್ಸರಿ ಸಸಿ ಒಂದೂ ನೆಡಬೇಡಿ. ಜೋರು ಮಳೆ ಬರುವಾಗ ಕೊಡೆ ಹಿಡಿದುಕೊಂಡು ಜಾಗದಲ್ಲಿ ನಡೆಯಿರಿ. ನೀರು ಎಲ್ಲಿಂದ ಬರುತ್ತದೆ, ಎಲ್ಲಿ ಓಡುತ್ತದೆ, ಎಲ್ಲಿ ನಿಲ್ಲುತ್ತದೆ, ಎಲ್ಲಿ ಕೆಂಪಾಗಿದೆ, ಎಲ್ಲಿ ತಿಳಿಯಾಗಿದೆ ನೋಡಿ. ನಾನು ಹಳೆಯ ಸೀರೆಯ ಚೂರು ಕಟ್ಟಿದ ಕೋಲು ಊರಿ ಗುರುತು ಮಾಡಿದ್ದೆ. ನಿಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ 4,000 ಮಿಲಿಮೀಟರ್ ಹತ್ತಿರ ಮಳೆ. ಅದರಲ್ಲಿ ಬಹುಪಾಲು ನಾಲ್ಕೇ ತಿಂಗಳಲ್ಲಿ ಬಂದು ಹೋಗುತ್ತದೆ. ಆ ನೀರಿನ ದಾರಿ ಗೊತ್ತಾಗದೆ ಗುದ್ದಲಿ ಹಿಡಿದರೆ ಕೆಲಸ ಎಲ್ಲ ತೋಡಿಗೆ ಹೋಗುತ್ತದೆ.

ಗುರುತು ಆದ ಮೇಲೆ ಒಡೆದ ಕಲ್ಲಿನ ಚೂರುಗಳನ್ನು ಇಳಿಜಾರಿಗೆ ಅಡ್ಡವಾಗಿ ಸಾಲು ಜೋಡಿಸಿ. ಮೊಣಕಾಲಿನ ಅರ್ಧ ಎತ್ತರ ಸಾಕು. ಗಾರೆ ಬೇಡ, ನೀರು ಸೋಸಿ ಹೋಗಬೇಕು, ಮಣ್ಣು ಮಾತ್ರ ನಿಲ್ಲಬೇಕು. ಶೇಡಿ ಇರುವ ಮೂಲೆಗೆ ಮೊದಲು ಇದನ್ನು ಮಾಡಿ. ಶೇಡಿ ಒಣಗಿದಾಗ ಗಟ್ಟಿ ಕಾಣುತ್ತದೆ, ನೀರು ಕುಡಿದರೆ ಹಿಟ್ಟಿನ ಹಾಗೆ ಕರಗಿ ಹರಿಯುತ್ತದೆ. ಮೇಲಿನ ಗೋಡೆಯೂ ಅದರ ಜೊತೆ ಕುಸಿಯಬಹುದು. ಮೇಲಿನಿಂದ ಬರುವ ನೀರನ್ನು ಆ ಮೂಲೆಗೆ ಬೀಳದ ಹಾಗೆ ಸಣ್ಣ ಕಣಿ ತೆಗೆದು ತಿರುಗಿಸಿ. ನಾನು ಇದನ್ನು ತಡವಾಗಿ ಮಾಡಿದೆ. 2013ರ ಜುಲೈಯಲ್ಲಿ ಒಂದು ಬದಿ ಪೂರ್ತಿ ಕೂತುಹೋಯಿತು.

ಎರಡನೇ ಕೆಲಸ ಹುಲ್ಲು. ನಿಮ್ಮ ಅಜ್ಜಿಯ ಮುಳಿಹುಲ್ಲು ಅಕ್ಕಪಕ್ಕದ ಪದವಿನಲ್ಲಿ ಇನ್ನೂ ಇದ್ದೇ ಇರುತ್ತದೆ. ತೆನೆ ಮಾಗಿ ಇನ್ನೇನು ಉದುರುವ ಹೊತ್ತಿಗೆ, ನವೆಂಬರ್ ಆಸುಪಾಸು, ತೆನೆ ಸಮೇತ ಕೊಯ್ದು ತಂದು ಕಲ್ಲಿನ ಸಾಲುಗಳ ಹಿಂದೆ ಹರಡಿ. ಮೇಲೆ ನಾಲ್ಕು ಕಲ್ಲು ಇಡಿ, ಗಾಳಿಗೆ ಹಾರದ ಹಾಗೆ. ಹುಲ್ಲೇ ಮುಚ್ಚಿಗೆ, ಹುಲ್ಲೇ ಬೀಜ. ನನ್ನಲ್ಲಿ ಮೊದಲ ವರ್ಷ ಅಲ್ಲೊಂದು ಇಲ್ಲೊಂದು ಎಸಳು. ಮೂರನೇ ವರ್ಷ ಸಾಲುಗಳ ಹಿಂದೆ ಎರಡು ಬೆರಳು ದಪ್ಪ ಕಪ್ಪು ಮಣ್ಣು ಕೂತಿತ್ತು. ಅದನ್ನು ಕೈಯಲ್ಲಿ ಹಿಡಿದು ಹೆಂಡತಿಗೆ ತೋರಿಸಲು ಮನೆಗೆ ಓಡಿದ್ದೆ.

ಮೂರನೆಯದು ಹಕ್ಕಿ. ಎಲೆ ಉದುರಿದ ಒಣ ಕೊಂಬೆ, ಹಳೆಯ ಬಿದಿರಿನ ಗಳಗಳನ್ನು ಮಣ್ಣಿನ ರಾಶಿಯ ಮೇಲೆ ಅಲ್ಲಲ್ಲಿ ನೆಟ್ಟಗೆ ಊರಿ. ಪಿಕಳಾರಗಳಿಗೆ ಕೂರಲು ಎತ್ತರದ ಜಾಗ ಬೇಕು. ಅವು ಪಕ್ಕದ ಕಾಡಿನಲ್ಲಿ ಹಣ್ಣು ತಿಂದು ಬಂದು ಇಲ್ಲಿ ಹಿಕ್ಕೆ ಹಾಕುತ್ತವೆ. ನಾನು ಊರಿದ ಹದಿನಾಲ್ಕು ಗಳಗಳ ಬುಡದಲ್ಲಿ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಕೇಪಳ, ಕುಂಟುನೇರಳೆ, ಉಪ್ಪಳಿಗೆ ತಾವಾಗಿ ಹುಟ್ಟಿದವು. ಉಪ್ಪಳಿಗೆ ಹುಟ್ಟಿದರೆ ಕೀಳಬೇಡಿ. ಸೌದೆಗೂ ಬಾರದ ಮರ ಅಂತ ಜನ ಬೈಯುತ್ತಾರೆ. ಆದರೆ ಅಗಲ ಎಲೆ, ಬೇಗ ಬೆಳೆಯುತ್ತದೆ, ಬೇಗ ನೆರಳು ಕೊಡುತ್ತದೆ. ಅದರ ಕೆಳಗೆ ಉಳಿದವು ಬರುತ್ತವೆ.

ಇನ್ನು ಅಕೇಶಿಯಾ. ಆಸ್ಟ್ರೇಲಿಯಾ ಕಡೆಯ ಮರ. ಅದರ ಎಲೆ ಬೇಗ ಕೊಳೆಯುವುದಿಲ್ಲ, ದಪ್ಪ ಚಾಪೆಯಾಗಿ ಬೀಳುತ್ತದೆ. ನನಗೂ ಅದರ ಮೇಲೆ ಪ್ರೀತಿ ಇಲ್ಲ. ಆದರೂ ಒಂದೇ ಸಲ ಎಲ್ಲ ಕಡಿಸಬೇಡಿ. ಪುದುಚೇರಿ ಪಕ್ಕದ ಆರೋವಿಲ್ ಎಂಬ ಊರು 1968ರಲ್ಲಿ ಶುರುವಾದಾಗ ಅದೂ ಕೊರೆದುಹೋದ ಕೆಂಪು ನೆಲ. ಅವರು ಮೊದಲು ಬದು ಹಾಕಿ ಮಳೆ ನೀರು ತಡೆದರು. ನೆರಳಿಗಾಗಿ ಇದೇ ಅಕೇಶಿಯಾ ಬೆಳೆಸಿದರು. ಆಮೇಲೆ ಆ ಕರಾವಳಿಯ ಮೂಲ ಕಾಡಿನ ಗಿಡಗಳನ್ನು ಅದರ ಅಡಿಯಲ್ಲಿ ತಂದರು. ನಿಮ್ಮಲ್ಲಿ ಅದು ತಾನಾಗಿಯೇ ಬಂದುಬಿಟ್ಟಿದೆ, ನೆರಳನ್ನು ಬಳಸಿಕೊಳ್ಳಿ. ಅದರ ಅಡಿಯಲ್ಲಿ ನಮ್ಮ ಗಿಡ ಎದೆಮಟ್ಟಕ್ಕೆ ಬಂದ ಕಡೆ ಮಾತ್ರ ಕಡಿಯುತ್ತಾ ಹೋಗಿ. ಹೊಸದಾಗಿ ಹುಟ್ಟುವ ಮರಿಗಳನ್ನು ಜುಲೈಯಲ್ಲಿ, ಮಣ್ಣು ಹಸಿ ಇರುವಾಗ, ಬೇರು ಸಮೇತ ಕಿತ್ತುಹಾಕಿ. ಮಕ್ಕಳಿಗೆ ಒಳ್ಳೆ ಕೆಲಸ.

ಕೊನೆಯದು, ನನಗೆ ಬಹಳ ಮುಖ್ಯವಾದದ್ದು. ತಳದ ಬರಿಗಲ್ಲನ್ನು ಪಾಳು ಅಂತ ತಿಳಿಯಬೇಡಿ. ಪದವು ಅಂದರೆ ಕಾಡು ಆಗಿರಲೇ ಇಲ್ಲ ಅಲ್ವಾ? ಬೆರಳ ದಪ್ಪ ಮಣ್ಣು, ಹುಲ್ಲು, ಮಳೆಗಾಲದ ಪುಟ್ಟ ಹೂಗಳು. ಬಿಳಿ ಗುಂಡಿಯ ಹಾಗಿನ ಹೂ, ನೀಲಿ ಚುಕ್ಕಿಯ ಹಾಗಿನ ಹೂ, ಅಂಟು ಹನಿಯಲ್ಲಿ ಹುಳ ಹಿಡಿಯುವ ಕೆಂಪು ಗಿಡ. ಅವಕ್ಕೆ ಬೇಕಾದದ್ದೇ ಸತ್ವ ಇಲ್ಲದ ಕಲ್ಲು ಮತ್ತು ನಿಂತ ತೆಳು ನೀರು. ಗೊಬ್ಬರ ಹಾಕಿದರೆ ಅವು ಹೋಗುತ್ತವೆ. 2016ರಲ್ಲಿ ಒಂದು ಹೊಸ ಕಪ್ಪೆಯನ್ನು ವಿಜ್ಞಾನಿಗಳು ಗುರುತಿಸಿದರಲ್ಲ, ನಿಮ್ಮದೇ ಜಿಲ್ಲೆಯ ಮಣಿಪಾಲದ ಆಸುಪಾಸಿನಲ್ಲಿ. ಹೆಬ್ಬೆರಳಿನ ಉಗುರಿನಷ್ಟು ಗಾತ್ರ, ಕೂಗು ಜೀರುಂಡೆಯ ಹಾಗೆ. ಅದಕ್ಕೆ ಹೆಸರೇ ಮೈಕ್ರೋಹೈಲಾ ಲ್ಯಾಟರೈಟ್, ಈ ಕಲ್ಲಿನ ಮೇಲೆ ಬದುಕುವುದರಿಂದ. ನಿಮ್ಮ ತಳದಲ್ಲಿ ಮೂರನೇ ಒಂದು ಭಾಗವನ್ನಾದರೂ ಹಾಗೇ ಬಿಡಿ. ಸುಮ್ನೆ ಬಿಡುವುದೂ ಒಂದು ಕೆಲಸ. ನನಗೆ ಅದನ್ನು ಕಲಿಯಲು ಐದು ವರ್ಷ ಬೇಕಾಯಿತು.

ಕೋಡಿ (ಮೇ 12)

ಟೀಚರ್, ಗಿಡದ ವಿಷಯ ನನಗೆ ಅಷ್ಟು ಗೊತ್ತಿಲ್ಲ. ಒಂದೇ ಮಾತು. ನೀರು ನಿಲ್ಲುವ ಕಡೆ ಒಂದು ಬದಿಯ ಗೋಡೆಯನ್ನು ಕಡಿದು ಇಳಿಜಾರು ಮಾಡಿಸಿ. ಬಿದ್ದ ಮಗು ಆಗಲಿ, ಕರು ಆಗಲಿ, ಹತ್ತಿ ಬರುವ ಹಾಗೆ ಇರಬೇಕು. ನಮ್ಮ ಊರಿನ ಕಲ್ಲಿನ ಹೊಂಡದಲ್ಲಿ ನನ್ನ ತಮ್ಮನ ಜೊತೆ ಓದುತ್ತಿದ್ದ ಹುಡುಗ ಹೋದ. ಈಜು ಬರುತ್ತಿತ್ತು ಅವನಿಗೆ. ಹಿಡಿದುಕೊಳ್ಳಲು ಒಂದು ಅಂಚು ಇರಲಿಲ್ಲ. ಮಕ್ಕಳನ್ನು ಕರೆದುಕೊಂಡು ಹೋಗುವ ಮೊದಲು ಬೇಲಿ ಹಾಕಿಸಿ, ಪ್ಲೀಸ್.

ಸೊಂಡೂರು ಗುಡ್ಡ (ಮೇ 14)

ನಾನು ಗಣಿ ಮಣ್ಣಿನ ದಿಬ್ಬಗಳ ಮೇಲೆ ಗಿಡ ಬೆಳೆಸುವ ಕೆಲಸದಲ್ಲಿ ಮೇಸ್ತ್ರಿ. 2011ರಲ್ಲಿ ಸುಪ್ರೀಂ ಕೋರ್ಟ್ ನಮ್ಮ ಬಳ್ಳಾರಿ ಕಡೆ ಕಬ್ಬಿಣದ ಅದಿರು ತೆಗೆಯುವುದನ್ನು ನಿಲ್ಲಿಸಿತು. ಮತ್ತೆ ಬಿಡುವಾಗ ಕೆಟ್ಟ ನೆಲವನ್ನು ಸರಿಪಡಿಸುವ ಯೋಜನೆ ಕಡ್ಡಾಯ ಮಾಡಿತು. ಆಮೇಲೆ ನಮ್ಮಂಥವರಿಗೆ ಈ ಕೆಲಸ ಬಂತು.

ನಿಮ್ಮ ಮಳೆ ಬೇರೆ, ನಮ್ಮದು ಬೇರೆ. ನಮಗೆ ತಂಗಡಿ, ಬಂದರಿಕೆ, ಕಮರ, ದಿಂಡಿಗದಂಥ ಒಣನೆಲದ ಗಿಡಗಳು. ಆದರೆ ಹೊನ್ನಾವರದ ಅಣ್ಣ ಹೇಳಿದ ವರಸೆ ಇಲ್ಲಿಯೂ ಅದೇ. ಮೊದಲು ದಿಬ್ಬದ ಬುಡಕ್ಕೆ ಕಲ್ಲಿನ ತಡೆ, ಆಮೇಲೆ ಹುಲ್ಲು, ಆಮೇಲೆ ಪೊದೆ, ಮರ ಕೊನೆಗೆ. ನಿಮ್ಮ ಮಣ್ಣಿನ ರಾಶಿ ಕಡಿದಾಗಿದ್ದರೆ ಮಳೆಗೆ ಮೊದಲು ಮೆಟ್ಟಿಲು ಮೆಟ್ಟಿಲು ಮಾಡಿ. ಜಾಸ್ತಿ ಕಡಿದಾದ ಕಡೆ ತೆಂಗಿನ ನಾರಿನ ಜಾಲರಿ ಹಾಸಿ ಗೂಟ ಹೊಡೆಯಿರಿ. ನಿಮ್ಮ ಕಡೆ ತೆಂಗಿನ ನಾರಿಗೆ ಬರ ಇಲ್ಲ. ಅದು ಎರಡು ಮೂರು ವರ್ಷಕ್ಕೆ ತಾನೇ ಕೊಳೆಯುತ್ತದೆ, ಅಷ್ಟರಲ್ಲಿ ಬೇರು ಹಿಡಿದಿರುತ್ತದೆ.

ಒಂದು ತಪ್ಪು ನಾವು ಮಾಡಿದ್ದು ಹೇಳುತ್ತೇನೆ. ಮೊದಲ ವರ್ಷ ಆಳೆತ್ತರದ ಸಸಿ ತಂದು ನೆಟ್ಟೆವು, ನೋಡುವವರಿಗೆ ಚೆಂದ ಕಾಣಲಿ ಅಂತ. ಪಾಲಿಥಿನ್ ಚೀಲದಲ್ಲಿ ಬೇರು ಸುರುಳಿ ಸುತ್ತಿತ್ತು. ಎರಡನೇ ಬೇಸಿಗೆ ದಾಟಲಿಲ್ಲ. ಪಕ್ಕದಲ್ಲೇ ಬೀಜದಿಂದ ಹುಟ್ಟಿದ ಗೇಣುದ್ದದ ಕಮರ ಇವತ್ತಿಗೂ ಇದೆ. ಅದನ್ನು ನೋಡಿದಾಗಲೆಲ್ಲ ಆ ಲಾರಿಗಟ್ಟಲೆ ಸಸಿ ನೆನಪಾಗಿ ಹೊಟ್ಟೆ ಉರಿಯುತ್ತದೆ.

ಮುಂದೆ ಸಸಿ ಬೇಕಾದರೆ ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ ವಿಚಾರಿಸಿ. ಕಡಿಮೆ ಬೆಲೆಗೆ ಸಸಿ ಕೊಡುತ್ತಾರೆ. ಬದುಕಿ ಉಳಿದ ಸಸಿಗೆ ಮೂರು ವರ್ಷ ಪ್ರೋತ್ಸಾಹ ಧನವೂ ಇದೆ.

ಪದವಿನ ಮನೆ (ಜೂನ್ 9)

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಷ್ಟು ದಿನ ಉತ್ತರ ಬರೆಯಲು ಆಗಲಿಲ್ಲ, ಕೆಲಸ ನಡೆಯುತ್ತಿತ್ತು.

ಮೊದಲು ಬೇಲಿ ಆಯಿತು. ತಗ್ಗಿನ ಕಡೆ ಗೋಡೆ ಕಡಿಸಿ ಇಳಿಜಾರು ಮಾಡಿಸಿದೆ. ಇಬ್ಬರು ಆಳಿಗೆ ನಾಲ್ಕು ದಿನ ಹಿಡಿಯಿತು. ಅದೇ ಕಲ್ಲಿನ ಚೂರಿನಲ್ಲಿ ಶೇಡಿಯ ಮೂಲೆಗೆ ಎರಡು ಸಾಲು ಹಾಕಿದೆವು. ಮೇಲೆ ಕಣಿಯೂ ತೆಗೆದಾಯಿತು.

ಮೊನ್ನೆ ಶನಿವಾರ ಸಂಜೆ ಮೊದಲ ಜೋರು ಮಳೆ. ಚಿರೆಕಲ್ಲು ಅವರು ಹೇಳಿದ ಹಾಗೆ ಕೊಡೆ ಹಿಡಿದುಕೊಂಡು ಹೋದೆ. ಅಪ್ಪನೂ ಬಂದರು. ಕಲ್ಲು ತೆಗೆದ ಮೇಲೆ ಅವರು ಆ ಕಡೆ ಕಾಲಿಟ್ಟದ್ದು ಇದೇ ಮೊದಲು. ತನ್ನಿಂದ ಜಾಗ ಹಾಳಾಯಿತು ಅಂತ ಅವರಿಗೆ ಒಳಗೇ ಇತ್ತು. ಮೊದಲನೇ ಸಾಲಿನ ಹಿಂದೆ ನೀರು ಕೆಂಪಾಗಿ ನಿಂತು, ಈಚೆ ತಿಳಿಯಾಗಿ ಬರುವುದನ್ನು ತುಂಬಾ ಹೊತ್ತು ನೋಡುತ್ತಾ ನಿಂತರು. ಆಮೇಲೆ ತಾವೇ ಬಗ್ಗಿ ಜಾರಿದ್ದ ಎರಡು ಕಲ್ಲು ಸರಿ ಮಾಡಿದರು.

ಈಗ ಒಂದು ಪ್ರಶ್ನೆ. ನಮ್ಮ ಮನೆಯಿಂದ ಅರ್ಧ ಮೈಲಿಗೆ ಒಂದು ನಾಗಬನ ಇದೆ. ಈ ಸುತ್ತಿನಲ್ಲಿ ಕಿರಾಲುಬೋಗಿ, ಹುಣಾಲು, ಸುರಹೊನ್ನೆ ದೊಡ್ಡ ಮರಗಳು ಉಳಿದಿರುವುದು ಅಲ್ಲಿ ಮಾತ್ರ. ಬೀಜ ಅಲ್ಲಿಂದ ತರೋಣ ಅಂದರೆ ಬನದ ಒಂದು ಎಲೆಯನ್ನೂ ಹೊರಗೆ ತರಬಾರದು ಅನ್ನುತ್ತಾರೆ ಅಪ್ಪ. ಅವರ ಮಾತು ಮೀರಲು ನನಗೂ ಇಷ್ಟ ಇಲ್ಲ. ಬೇರೆ ದಾರಿ ಇದೆಯಾ?

ಚಿರೆಕಲ್ಲು (ಜೂನ್ 9)

ಅಪ್ಪ ಹೇಳಿದ್ದು ಸರಿ ಅಕ್ಕೋರೇ. ಆ ಮಾತನ್ನು ನಿಮ್ಮ ಹಿರಿಯರು ಪಾಲಿಸಿದ್ದಕ್ಕೇ ಆ ಮರಗಳು ಇವತ್ತಿಗೂ ಇವೆ. ಬನದೊಳಗೆ ಹೋಗಬೇಡಿ. ಬನದ ಹೊರಗಿನ ರಸ್ತೆ, ತೋಡಿನ ಬದಿ ನೋಡಿ. ಹುಣಾಲು ಬೀಜಕ್ಕೆ ರೆಕ್ಕೆ ಇದೆ, ಗಾಳಿಗೆ ಹೊರಗೆ ಬಂದು ಬೀಳುತ್ತದೆ. ಸುರಹೊನ್ನೆಯ ಕಾಯಿಯನ್ನು ಬಾವಲಿ ಕಚ್ಚಿಕೊಂಡು ಹೋಗಿ ದೂರದ ಮರದಡಿ ಬೀಳಿಸುತ್ತದೆ. ಕಿರಾಲುಬೋಗಿಯ ಬೀಜವೂ ಈ ಮಳೆಗೆ ಉದುರುತ್ತದೆ. ಟಾರು ರಸ್ತೆಯ ಮೇಲೆ ಬಿದ್ದದ್ದು ಹೇಗೂ ಟೈರಿನ ಅಡಿಗೆ ಹೋಗುವಂಥದ್ದು. ಅದನ್ನು ಹೆಕ್ಕಬಹುದಾ ಅಂತ ಅಪ್ಪನನ್ನೇ ಕೇಳಿ, ಅವರು ಹೂಂ ಅಂದರೆ ಮಾತ್ರ ತನ್ನಿ.

ಒಂದು ಎಚ್ಚರಿಕೆ. ಕಿರಾಲುಬೋಗಿ, ಕುಂಟುನೇರಳೆ, ಕರಂಡೆ ಬೀಜಗಳನ್ನು ಒಣಗಿಸಿ ಡಬ್ಬಿಯಲ್ಲಿ ಇಡಬೇಡಿ, ಸಾಯುತ್ತವೆ. ಹೆಕ್ಕಿದ ದಿನ ಅಥವಾ ಮಾರನೇ ದಿನವೇ ರಾಶಿಯ ಮೇಲೆ, ಅಕೇಶಿಯಾ ನೆರಳಿನಲ್ಲಿ, ಎಲೆ ಸರಿಸಿ ಅರ್ಧ ಬೆರಳು ಆಳಕ್ಕೆ ಊರಿ ಮತ್ತೆ ಎಲೆ ಮುಚ್ಚಿ. ಸುರಹೊನ್ನೆಗೆ ಗಟ್ಟಿ ಓಡು ಇದೆ. ಮೆಲ್ಲಗೆ ಒಡೆದು ಒಳಗಿನ ತಿರುಳಿಗೆ ಏಟಾಗದ ಹಾಗೆ ಊರಿದರೆ ಬೇಗ ಮೊಳೆಯುತ್ತದೆ. ಪುನರ್ಪುಳಿ ಶರಬತ್ತು ಮಾಡಿದ ಮನೆಗಳಲ್ಲಿ ಬೀಜ ಬಿಸಾಡುತ್ತಾರೆ, ಅದನ್ನೂ ಕೇಳಿ ತನ್ನಿ. ಅದು ನೆರಳಿನಲ್ಲಿ ಚೆನ್ನಾಗಿ ಬರುತ್ತದೆ.

ಮೂರನೇ ಕ್ಲಾಸಿನ ಹುಡುಗಿ ಈಗ ನಾಲ್ಕನೆಯದಕ್ಕೆ ಬಂದಿರಬೇಕು. ಅವಳ ಕೈಯಲ್ಲಿ ಕರಂಡೆ ಬೀಜ ಊರಿಸಿ. ಮುಳ್ಳಿನ ಪೊದೆ, ದನ ಮುಟ್ಟುವುದಿಲ್ಲ, ಬೇಸಿಗೆಗೂ ಹೆದರುವುದಿಲ್ಲ. ಜುಲೈ ಕೊನೆಗೆ ತಳದ ಬರಿಗಲ್ಲಿನ ಒಂದು ಫೋಟೊ ಇಲ್ಲಿ ಹಾಕಿ. ಬಿಳಿ ಗುಂಡಿ ಹೂ ಬಂದಿದೆಯಾ ನೋಡಬೇಕು.